ಕೈಗೆ ಒಗ್ಗುವ ವಾದ್ಯ

ಮದುವೆಯ ದಿಬ್ಬಣದ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಕೇಳದವರು ನಮ್ಮಲ್ಲಿ ವಿರಳ. ಅದಕ್ಕೊಬ್ಬ ಅಣ್ಣನಿದ್ದಾನೆ, ಬಾಸ್ ಕ್ಲಾರಿನೆಟ್ ಎಂದು ಅವನ ಹೆಸರು. ತಮ್ಮನಿಗಿಂತ ಒಂದು ಸ್ಥಾಯಿ ಕೆಳಗೆ, ಗವಿಯೊಳಗಿಂದ ಬಂದಂತಹ ದನಿಯಲ್ಲಿ ಅವನು ನುಡಿಯುತ್ತಾನೆ. ಬೆಲ್ಜಿಯಮ್ಮಿನ ಅಡಾಲ್ಫ್ ಸಾಕ್ಸ್ ಈ ವಾದ್ಯವನ್ನು ಬಹಳವಾಗಿ ತಿದ್ದಿ 1838ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ನಾನು ಇದನ್ನು ಹತ್ತಿರದಿಂದ ಕಂಡುದು ಅಮೆರಿಕದಲ್ಲಿ ನೆಲಸಿರುವ ನನ್ನ ತಂಗಿಯ ಮನೆಯಲ್ಲಿ.

ಆ ದೇಶದ ಅನೇಕ ಶಾಲೆಗಳಲ್ಲಿ ವಾದ್ಯವೃಂದವೂ ಒಂದು ಪಾಠವೇ. ಬಾಸ್ ಕ್ಲಾರಿನೆಟ್ ದುಬಾರಿಯಾದುದರಿಂದ ಸಾಮಾನ್ಯವಾಗಿ ಶಾಲೆಯೇ ಅದನ್ನು ಎರವಲು ಕೊಡುತ್ತದೆ. ತಂಗಿಯ ಮಗಳಿಗೆ ದೊರೆತಿದ್ದುದು ಎಷ್ಟೋ ಕೈಗಳನ್ನು ದಾಟಿ ಬಂದ ಮುದಿ ವಾದ್ಯ. ಕೆಳಗಿನ ಸ್ವರಗಳಿಗೆ ಇಳಿದೊಡನೆ ಅದರ ನಾದ ಉಸಿರುಗಟ್ಟಿದಂತಾಗುತ್ತಿತ್ತು. ಇಲ್ಲವೆ ಕೀರಲು ದನಿಯೊಂದು ಸಿಡಿಯುತ್ತಿತ್ತು. ಹದಿಮೂರರ ಹುಡುಗಿ ತನ್ನ ಬೆರಳುಗಳನ್ನೇ ಹಳಿದುಕೊಳ್ಳುತ್ತಿದ್ದಳು. “ಮಾವ, ನನ್ನ ಕೈ ಚಿಕ್ಕದು. ಇದನ್ನು ಬಿಟ್ಟುಬಿಡುತ್ತೇನೆ” ಎಂದಳು.

ಅವಳನ್ನೂ ಆ ವಾದ್ಯವನ್ನೂ ಕರೆದುಕೊಂಡು ವಾದ್ಯಗಳ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿನ ಮುದುಕ ದುರಸ್ತಿಗಾರ ಮಾತನಾಡದೆ, ಈರುಳ್ಳಿಯ ಸಿಪ್ಪೆಯಷ್ಟು ತೆಳುವಾದ ಕಾಗದದ ಚೂರೊಂದನ್ನು ತೆಗೆದುಕೊಂಡನು. ಚಿಕ್ಕ ಕ್ಲಾರಿನೆಟ್ಟಿನಲ್ಲಿ ಬೆರಳ ತುದಿಯೇ ರಂಧ್ರವನ್ನು ಮುಚ್ಚುತ್ತದೆ. ಬಾಸಿನ ರಂಧ್ರಗಳಾದರೋ ದೊಡ್ಡವು, ದೂರ ದೂರ ಇರುವಂಥವು. ಆದುದರಿಂದ ಮೆತ್ತೆಯಿಟ್ಟ ಮುಚ್ಚಳಗಳೂ ಅವನ್ನು ಆಡಿಸುವ ಉದ್ದನೆಯ ಸರಳುಗಳೂ ಬೇಕು. ಸರಳು ಕೂದಲೆಳೆಯಷ್ಟು ಬಾಗಿದರೂ ಮುಚ್ಚಳ ಪೂರ್ತಿ ಕೂಡದೆ ಗಾಳಿ ಸೋರುತ್ತದೆ. ಮುದುಕ ಒಂದೊಂದು ಮುಚ್ಚಳದ ಕೆಳಗೂ ಕಾಗದವಿಟ್ಟು ಎಳೆದನು. ಮೂರು ಕಡೆ ಅದು ತಡೆಯಿಲ್ಲದೆ ಜಾರಿ ಬಂದಿತು. ಹುಡುಗಿ ಆ ಕಾಗದವನ್ನು ತಾನೇ ಇಸಿದುಕೊಂಡು ಮತ್ತೆ ಎಳೆದು ನೋಡಿದಳು! ಅವಳ ಮುಖದ ಮೇಲಿನ ಮೋಡ ಚದುರಿದ್ದು ಆಗ.

ಇನ್ನು ಕೊಳ್ಳುವ ಮಾತು. ವೃತ್ತಿಕಲಾವಿದರ ಮರದ ವಾದ್ಯಗಳ ಬೆಲೆ 10,000 ಡಾಲರನ್ನು ಮೀರುತ್ತದೆ. ಅವು ತಗ್ಗಿನ ‘ಸಿ’ ಸ್ವರದವರೆಗೆ ಇಳಿಯಬಲ್ಲವು. ಹಾಗೆಯೇ ಭಾರ ಹೆಚ್ಚು, ಕೀಲಿಗಳೂ ಹೆಚ್ಚು. ಶಾಲೆಯ ವೃಂದಗಳ ಸಂಗೀತಕ್ಕೆ ‘ಇ ಫ್ಲಾಟ್’ವರೆಗೆ ಇಳಿಯುವ ಪ್ಲಾಸ್ಟಿಕ್ಕಿನ ವಾದ್ಯ ಬಹುಮಟ್ಟಿಗೆ ಸಾಕು. ಚಳಿಗೂ ಒಣಹವೆಗೂ ಅದು ಮರದಂತೆ ಬಿರುಕು ಬಿಡುವುದಿಲ್ಲ. ತಂಗಿಗೆ ಹೊಳಪಿನ ಹೊಸ ವಾದ್ಯವೊಂದರ ಮೇಲೆ ಮನಸ್ಸಾಗಿತ್ತು. ಆದರೆ ಕುರ್ಚಿಯಲ್ಲಿ ಕುಳಿತು, ಆಧಾರದ ಕಡ್ಡಿಯನ್ನು ತನ್ನ ಎತ್ತರಕ್ಕೆ ಹೊಂದಿಸಿಕೊಂಡು ಹುಡುಗಿ ಅದನ್ನು ಹಿಡಿದಾಗ, ಎಡಗೈಯ ಕಿರುಬೆರಳು ಕೀಲಿಯನ್ನು ಮುಟ್ಟಲು ಮಣಿಕಟ್ಟನ್ನೇ ತಿರುಚಬೇಕಾಯಿತು. ನಾಲ್ಕನೆಯದಾಗಿ ಕೈಗೆ ಬಂದುದು, ಎಲ್ಕ್‌ಹಾರ್ಟ್ ಊರಿನ ಸೆಲ್ಮರ್ ಕಂಪನಿ ಹಿಂದೆ ವಿದ್ಯಾರ್ಥಿಗಳಿಗಾಗಿ ಮಾರುತ್ತಿದ್ದ ಒಂದು ಹಳೆಯ ವಾದ್ಯ. ಅದರ ಹೆಸರು ‘ಬಂಡಿ’! ಕನ್ನಡ ಬಲ್ಲ ನಾವು ಮೂವರೂ ನಕ್ಕೆವು. ಮುದುಕನಿಗೆ ಕಾರಣ ತಿಳಿಯಲಿಲ್ಲ. ಮೆತ್ತೆಗಳನ್ನೆಲ್ಲ ಹೊಸದಾಗಿ ಹಾಕಲಾಗಿತ್ತು. ಒಡಲು ಒಂದೇ ತುಂಡು. ಜೋಡಿಸುವಾಗ ನಡುವಣ ಕೀಲಿ ಬಾಗುವ ಭಯವಿಲ್ಲ. ಕಿರುಬೆರಳು ತಾನಾಗಿಯೇ ತನ್ನ ಎಡೆಯನ್ನು ಕಂಡುಕೊಂಡಿತು. ಹುಡುಗಿ ಒಂದೇ ಉಸಿರಿನಲ್ಲಿ ಕಟ್ಟಕಡೆಯ ಸ್ವರದವರೆಗೆ ಇಳಿದಳು. ನಾದ ಎಲ್ಲಿಯೂ ತುಂಡಾಗಲಿಲ್ಲ.

ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆಯೇ ಆಯಿತು. ಒಂದೇ ತುಂಡಿನ ಒಡಲಾದುದರಿಂದ ಪೆಟ್ಟಿಗೆ ಮಾತ್ರ ಬಲು ಉದ್ದ. ಕಾರಿನ ಹಿಂಬದಿಯಲ್ಲಿ ಹಿಡಿಸದೆ, ಬಂಡಿ ನನ್ನ ತೊಡೆಯೇರಿ ಮನೆಗೆ ಬಂದಿತು.