ಕಂಬದ ಬುಡ: ಅಕ್ಕೋಳದಿಂದ ಧಾರವಾಡದ ಕೃಷಿಮೇಳಕ್ಕೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿರುವರು. ದನದ ಕೊಟ್ಟಿಗೆಯನ್ನು ಕಟ್ಟಿ ನೋಡು ಎಂದು ಅವರು ಹೇಳಲಿಲ್ಲ. ಅದೇನು ಮಹಾ ಕೆಲಸ, ಆರು ಕಂಬಗಳನ್ನು ನಿಲ್ಲಿಸಿ ಮೇಲೊಂದು ಹೊದಿಕೆಯನ್ನು ಹಾಕಿದರೆ ಆಯಿತು ಎಂದು ನಾನೂ ತಿಳಿದಿದ್ದೆನು. ಹಾಗೆ ತಿಳಿದುದರ ದಂಡವನ್ನು ತೆತ್ತ ಮೇಲೆ ೨೦೨೪ರ ಸಪ್ಟೆಂಬರ ತಿಂಗಳಲ್ಲಿ ಧಾರವಾಡದ ಕೃಷಿಮೇಳಕ್ಕೆ ಹೋಗಿ ಬಂದೆನು. ಅಲ್ಲಿ ಕಂಡುದನ್ನೂ ಕಲಿತುದನ್ನೂ, ಕೊಟ್ಟಿಗೆಯುಳ್ಳ ಗೃಹಸ್ಥರಿಗೆ ಉಪಯೋಗವಾದೀತೆಂಬ ಭಾವನೆಯಿಂದ, ಇಲ್ಲಿ ಬರೆಯುತ್ತೇನೆ.

ನಮ್ಮ ಅಕ್ಕೋಳವು ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲೂಕಿನಲ್ಲಿರುವದು. ಊರಿನ ಸಮೀಪದಲ್ಲಿಯೇ ವೇದಗಂಗಾ ನದಿಯು ಹರಿಯುವದು. ಆಚೆಯ ದಂಡೆಗೆ ಸಿದ್ನಾಳ. ಇವೆರಡರ ನಡುವಿನ ತಗ್ಗು ಸೇತುವೆಯು ಮಳೆಗಾಲದ ದೊಡ್ಡ ನೀರಿನಲ್ಲಿ ಮುಳುಗುವದು ನಮಗೆ ಹೊಸತಲ್ಲ. ನಮ್ಮ ಓಣಿಗಳಲ್ಲಿ ಕನ್ನಡ ಮರಾಠಿಗಳೆರಡೂ ಒಂದೇ ಬಾಯಲ್ಲಿ ಹೊರಡುವವು. ನೆಲವು ಕರಿಯ ಎರೆ. ಈ ಸೀಮೆಯ ಹೆಸರು ಹಿಂದಿನಿಂದಲೂ ತಂಬಾಕಿಗೆ. ಈಗ ಕಣ್ಣು ಹಾಯಿಸಿದ ಕಡೆಗೆ ಕಬ್ಬು. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬರುವದು. ಹಾಲಿನ ದುಡ್ಡು ಮಾತ್ರ ಸಂಸಾರವನ್ನು ದಿನದಿನಕ್ಕೆ ನಡೆಸುವದು. ಆದ್ದರಿಂದ ನಮ್ಮಲ್ಲಿ ಕೊಟ್ಟಿಗೆಯೆಂದರೆ ಮನೆಯ ಅರ್ಧ ಜೀವ.

ನಮ್ಮ ಕೊಟ್ಟಿಗೆಯು ಅರವತ್ತು ವರ್ಷಗಳ ಹಿಂದಿನದು. ಅದನ್ನು ಕಟ್ಟಿದವರು ನಮ್ಮ ಓಣಿಯ ಬಡಿಗೇರ ಕಾಕಾನ ತಂದೆ. ಆರು ಸಾಗವಾನಿ ಕಂಬಗಳು. ಒಂದೊಂದರ ಕೆಳಗೂ ಒಂದೊಂದು ಚೌಕ ಅಡಿಗಲ್ಲು. ಮೇಲೆ ತೊಲೆ, ಅದರ ಮೇಲೆ ಮಂಗಳೂರು ಹಂಚು. ಕೋತಿಗಳ ಹಾವಳಿಯಿಂದ ಹಂಚುಗಳು ಒಡೆದು ಪ್ರತಿ ವರ್ಷವೂ ಸೋರಹತ್ತಿದ್ದರಿಂದ, ಮೂರು ವರ್ಷಗಳ ಹಿಂದೆ ಹಂಚುಗಳನ್ನೆಲ್ಲ ಇಳಿಸಿ ತಗಡಿನ ಪತ್ರಾಸ ಹೊದಿಸಿದೆವು. ಕಂಬಗಳು ಕಬ್ಬಿಣದಂತೆ ಗಟ್ಟಿಯಾಗಿದ್ದವು; ಅವುಗಳನ್ನು ಮುಟ್ಟಲಿಲ್ಲ. ಕೆಲಸ ಮಾಡಿದವನು ಕಾಕಾನೇ.

೨೦೨೪ರ ಮೇ ತಿಂಗಳ ಒಂದು ಸಂಜೆ ಅಡ್ಡಮಳೆಯ ಗಾಳಿಯೆದ್ದಿತು. ನನ್ನ ಹೆಂಡತಿಯು ಹಾಲು ಹಿಂಡಿಕೊಂಡು ಬಂದು ಚರಿಗೆಯನ್ನು ಅಡಿಗೆಯ ಮನೆಯಲ್ಲಿ ಇಳಿಸುತ್ತಿದ್ದಳು. ಅಷ್ಟರಲ್ಲಿ ಹಿತ್ತಲಲ್ಲಿ ಗುಡುಗಿಗಿಂತ ದೊಡ್ಡ ಸಪ್ಪಳವಾಯಿತು. ಓಡಿ ನೋಡಿದರೆ ಹೊದಿಕೆಯು ತೊಲೆ ಕಂಬಗಳ ಸಮೇತ ಎದ್ದು ಪಕ್ಕಕ್ಕೆ ಬಿದ್ದಿತ್ತು. ಕೆಳಗೆ ಗಬ್ಬದ ಎಮ್ಮೆಯು ಸಿಕ್ಕಿಕೊಂಡಿತ್ತು. ಅದು ಎರಡು ದಿನ ನರಳಿ ಸತ್ತಿತು. ಇನ್ನು ಹತ್ತು ನಿಮಿಷ ಮುಂಚೆ ಆ ಗಾಳಿಯು ಬಂದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ.

ಕಾಕಾ ಬಂದು ನಿಂತನು. ಒಂದು ಕಂಬವೂ ಮುರಿದಿರಲಿಲ್ಲ. ಅಡಿಗಲ್ಲುಗಳು ಇದ್ದಲ್ಲಿಯೇ ಇದ್ದವು. ಅವುಗಳ ಮೇಲೆ ಒಂದು ಬಿರುಕೂ ಇರಲಿಲ್ಲ. ಅವನು ಆರೂ ಕಲ್ಲುಗಳನ್ನು ಕೈಯಿಂದ ಸವರಿ ನೋಡಿ, ಮಾತಾಡದೆ ಮನೆಗೆ ಹೋದನು. “ಅಪ್ಪನ ಕೆಲಸ ಅರವತ್ತು ವರ್ಷ ನಿಂತಿತು, ಮಗನದು ಮೂರು ವರ್ಷ ನಿಲ್ಲಲಿಲ್ಲ” ಎಂದು ಕಟ್ಟೆಯ ಮೇಲೆ ಕುಳಿತವರು ಆಡಿಕೊಂಡರು. ಆ ಮಾತು ಅವನ ಕಿವಿಗೆ ಬೀಳದೆ ಇರಲಿಲ್ಲ. ಆ ಮಳೆಗಾಲವೆಲ್ಲ ಅವನು ಬಾಚಿಯನ್ನು ಮುಟ್ಟಲಿಲ್ಲ.

ಸಪ್ಟೆಂಬರದಲ್ಲಿ, ಹೊಸ ಕೊಟ್ಟಿಗೆಯ ಮಾದರಿಗಳನ್ನು ನೋಡಲು ಮೇಳಕ್ಕೆ ಹೋಗುವೆನೆಂದಾಗ ನನ್ನ ಹೆಂಡತಿಯು, “ಕಾಕಾನ್ನೂ ಕರಕೊಂಡು ಹೋಗೂಣ್ರಿ. ನಾನೂ ಬರ್ತೀನಿ. ದನಾ ಕಟ್ಟಾಕಿ ನಾನು, ಹಿಂಡಾಕಿ ನಾನು. ನೀವೊಬ್ರೇ ಏನ್ ನೋಡ್ತೀರಿ?” ಎಂದಳು. ಅದು ನ್ಯಾಯವಾದ ಮಾತೇ ಆಗಿದ್ದಿತು. ಕಾಕಾನನ್ನು ಒಪ್ಪಿಸುವದಕ್ಕೆ ಮಾತ್ರ ಎರಡು ದಿನ ಹಿಡಿಯಿತು.

ನಿಪ್ಪಾಣಿಯಲ್ಲಿ ನಸುಕಿನ ಬಸ್ಸು ಹಿಡಿದೆವು. ಧಾರವಾಡವು ಅಲ್ಲಿಂದ ಸುಮಾರು ೧೫೦ ಕಿಲೋಮೀಟರು. ತವಂದಿಯ ಘಾಟು ಏರುವಾಗ ಮಂಜು ಇನ್ನೂ ಕರಗಿರಲಿಲ್ಲ. ಸಂಕೇಶ್ವರದಲ್ಲಿ ಹಿರಣ್ಯಕೇಶಿಯನ್ನೂ, ಬೆಳಗಾವಿಯನ್ನು ದಾಟಿದ ಮೇಲೆ ಎಂ. ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯನ್ನೂ ಕಂಡೆವು. ಎರಡೂ ತುಂಬಿ ಹರಿಯುತ್ತಿದ್ದವು. ಚೆನ್ನಮ್ಮರಾಣಿಯು ೧೮೨೪ರಲ್ಲಿ ಇಂಗ್ಲಿಷರನ್ನೆದುರಿಸಿದ ಕಿತ್ತೂರಿನ ಹೆಸರು ಬಂದಾಗ ನನ್ನ ಹೆಂಡತಿಯು ಕಿಟಕಿಯಿಂದಲೇ ಕೈಮುಗಿದಳು. ಕಾಕಾ ಇದಾವುದನ್ನೂ ನೋಡಲಿಲ್ಲ. ಹೆದ್ದಾರಿಯ ಎರಡೂ ಬದಿಗೆ ಗೋದಾಮು, ಧಾಬಾ, ಗ್ಯಾರೇಜುಗಳ ತಗಡಿನ ಚಪ್ಪರಗಳಿದ್ದವಷ್ಟೆ. ಅವುಗಳನ್ನೇ ನೋಡುತ್ತ ಕುಳಿತಿದ್ದನು. “ಇವೆಲ್ಲಾ ನಿಂತಾವಲ್ಲೋ ತಮ್ಮಾ” ಎಂದು ಒಮ್ಮೆ ಅಂದನು, ಅಷ್ಟೆ.

ಧಾರವಾಡದ ಯತ್ತಿನಗುಡ್ಡದಲ್ಲಿರುವ ಕೃಷಿ ವಿಶ್ವವಿದ್ಯಾಲಯವು ೧೯೮೬ರಲ್ಲಿ ಸ್ಥಾಪಿತವಾದದ್ದು. ಅದಕ್ಕೂ ಮುಂಚೆ ೧೯೪೭ರಿಂದಲೇ ಇಲ್ಲಿ ಕೃಷಿ ಮಹಾವಿದ್ಯಾಲಯವಿದ್ದಿತು. ಹಿಂಗಾರಿಯ ಬಿತ್ತನೆಯ ಮುಂಚೆ ಇಲ್ಲಿ ಮೇಳವು ನೆರೆಯುವದು. ಜನವೆಂದರೆ ಜಾತ್ರೆಯ ಜನ. ಜೋಳ ಕಡಲೆಗಳ ಬೀಜಕ್ಕೆ ಉದ್ದ ಸಾಲು, ಟ್ರ್ಯಾಕ್ಟರುಗಳ ಗದ್ದಲ, ಎತ್ತು ಎಮ್ಮೆಗಳ ಸಾಲು, ಹೂವು ಹಣ್ಣುಗಳ ಪ್ರದರ್ಶನ. ಅದೆಲ್ಲವನ್ನು ವರ್ಣಿಸಹೋದರೆ ಲೇಖನವು ಬೆಳೆದೀತು. ನಾವು ಹೋದದ್ದು ಕಂಬಗಳಿಗಾಗಿ.

ಕೊಟ್ಟಿಗೆ, ಕೋಳಿಮನೆ, ಹಸಿರುಮನೆಗಳನ್ನು ಕಟ್ಟಿಕೊಡುವವರ ಮಳಿಗೆಗಳು ಒಂದು ಕಡೆಗೆ ಇದ್ದವು. ಕಬ್ಬಿಣದ ಕೊಳವೆಗಳ ಕಂಬ, ಕೈಂಚಿ, ಬಣ್ಣಬಣ್ಣದ ತಗಡು. ಕಣ್ಣಿಗೆ ಬಹು ಚಂದ. ನಾವು ನಿಂತ ಮಳಿಗೆಯ ತರುಣನು ಬಣ್ಣ ಮಾಸುವದಿಲ್ಲವೆಂದೂ, ಎಂಟು ದಿನಗಳಲ್ಲಿ ನಿಲ್ಲಿಸಿಕೊಡುವೆವೆಂದೂ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೇಳಿದನು. ಬೆಲೆಯನ್ನು ಕೇಳಿದರೆ ನಮ್ಮ ಕಬ್ಬಿನ ಒಂದು ವರ್ಷದ ಬಿಲ್ಲಿನಲ್ಲಿ ಅರ್ಧವಾಯಿತು. ಎಲ್ಲರೂ ತಲೆಯೆತ್ತಿ ಹೊದಿಕೆಯನ್ನು ನೋಡುತ್ತಿರಲು, ಕಾಕಾ ಒಬ್ಬನೇ ಕುಕ್ಕರಗಾಲಿನಲ್ಲಿ ಕುಳಿತು ಮಾದರಿಯ ಕಂಬದ ಬುಡವನ್ನು ನೋಡುತ್ತಿದ್ದನು. ಅದನ್ನು ಒಂದು ಹಲಗೆಗೆ ತಿರುಪಿನಿಂದ ಬಿಗಿದಿದ್ದರು.

“ಇದರ ಕಾಲು ಎಲ್ಲಿ ಐತಿ?” ಎಂದು ಕಾಕಾ ಕೇಳಿದನು.

“ಯಜಮಾನ್ರ, ಇದು ಮಾದರಿ. ಕಾಲು ಕಟ್ಟೂ ಮುಂದ ನೋಡಿಕೋತೀವಿ” ಎಂದು ತರುಣನು ನಕ್ಕನು. ಕಾಕಾ ನಗಲಿಲ್ಲ, ಎದ್ದು ಮುಂದಿನ ಮಳಿಗೆಗೆ ನಡೆದನು. ಅಲ್ಲಿಯೂ ಅದೇ ಪ್ರಶ್ನೆ. ಮೂರನೆಯ ಕಡೆಗೆ, ಕೃಷಿ ಇಂಜಿನಿಯರಿಂಗ ಕಲಿತ ಒಬ್ಬ ಹುಡುಗನು ಸಿಕ್ಕನು. ಅವನು ಪ್ರಶ್ನೆಯನ್ನು ಕೇಳಿದ ಕೂಡಲೆ, “ಅಜ್ಜಾರ, ನಿಮ್ಮದು ಹಾರಿತೇನ್ರಿ?” ಎಂದನು. ಕಾಕಾನ ಮುಖವು ಸಣ್ಣದಾಯಿತು. ನಾನೇ ಎಲ್ಲ ಸಂಗತಿಯನ್ನು ಹೇಳಿದೆನು.

ಹುಡುಗನು ಮೂಲೆಯಲ್ಲಿದ್ದ ಕೊಡೆಯನ್ನು ತೆಗೆದು ಬಿಚ್ಚಿ ಕಾಕಾನ ಕೈಗೆ ಕೊಟ್ಟನು. ಗುಡ್ಡದ ಗಾಳಿಯು ಬೀಸುತ್ತಿದ್ದಿತು. ಕೊಡೆಯು ಮೇಲಕ್ಕೆ ಜಗ್ಗಿತು. ಆ ಮೇಲೆ ಅವನು ತಿಳಿಸಿದ್ದರ ಸಾರಾಂಶವಿದು. ಸುತ್ತ ಗೋಡೆಯಿಲ್ಲದ ಕೊಟ್ಟಿಗೆಯಲ್ಲಿ ಗಾಳಿಯು ಒಳಹೊಕ್ಕು ಹೊದಿಕೆಯನ್ನು ಕೆಳಗಿನಿಂದ ಎತ್ತುವದು; ಮೇಲೆ ಹಾಯುವ ಗಾಳಿಯು ಅದನ್ನು ಮೇಲಕ್ಕೆ ಹೀರುವದು. ಗಾಳಿಯ ವೇಗವು ಎರಡು ಪಟ್ಟಾದರೆ ಅದರ ಬಲವು ನಾಲ್ಕು ಪಟ್ಟಾಗುವದು. ಇನ್ನು ತೂಕದ ಲೆಕ್ಕ. ಒಂದು ಚದರ ಮೀಟರಿನ ಮಂಗಳೂರು ಹಂಚು ೪೦ ಕಿಲೋದ ಆಸುಪಾಸು ತೂಗುವದು; ಅರ್ಧ ಮಿಲಿಮೀಟರ ದಪ್ಪದ ತಗಡು ಸುಮಾರು ೫ ಕಿಲೋ. ನಮ್ಮ ಹೊದಿಕೆಯು ೪೦ ಚದರ ಮೀಟರು. ಹಾಗಾದರೆ ಹಂಚಿದ್ದಾಗ ಕಂಬಗಳ ತಲೆಯ ಮೇಲೆ ೧೬ ಕ್ವಿಂಟಲು ಭಾರ. ತಗಡು ಬಂದ ಮೇಲೆ ಎರಡೇ ಕ್ವಿಂಟಲು. ಅದೂ ಅಲ್ಲದೆ ಹಂಚುಗಳ ಸಂದುಗಳಿಂದ ಗಾಳಿಯು ಹೊರಬೀಳುವದು. ತಗಡಿನಲ್ಲಿ ಅದಕ್ಕೆ ದಾರಿಯಿಲ್ಲ.

“ಅಂದರ ನಮ್ಮಪ್ಪ ಕಂಬಾ ಕಲ್ಲಿನ ಮ್ಯಾಲೆ ಬರೇ ಇಟ್ಟಿದ್ದು...” ಎಂದು ಕಾಕಾ ತಡೆದನು.

“ಅದು ತಪ್ಪಲ್ರಿ ಅಜ್ಜಾರ. ಹಂಚಿನ ಭಾರಾನ ಅದನ್ನ ಹಿಡಿದಿತ್ತು. ಕಲ್ಲಿನ ಮ್ಯಾಲೆ ಇಟ್ಟಿದ್ದಕ್ಕ ಕಟ್ಟಿಗಿ ಕೊಳೀಲಿಲ್ಲ. ಹಂಚು ಇಳಿಸಿದ ದಿನ ಕಂಬದ ಕೆಲಸ ಬದಲಾತು. ಮೊದಲು ಹೊರೂದು ಅದರ ಕೆಲಸ. ಈಗ ಹಿಡಿದು ಜಗ್ಗೂದು.”

ಕಾಕಾ ಬಹಳ ಹೊತ್ತು ಕೊಡೆಯನ್ನು ಹಿಡಿದುಕೊಂಡೇ ನಿಂತಿದ್ದನು. ತಂದೆಯ ತಪ್ಪೂ ಅಲ್ಲ, ಅವನ ಕೈಯ ತಪ್ಪೂ ಅಲ್ಲ. ಹಂಚು ಬೇಡ, ತಗಡು ಹಾಕೆಂದು ಹೇಳಿದವನು ನಾನು. ಹೊದಿಕೆಯೊಂದನ್ನೇ ಬದಲಿಸಿದೆವೆಂದು ತಿಳಿದದ್ದು ನಮ್ಮಿಬ್ಬರ ಅಜ್ಞಾನ.

ಈ ಎರಡು ಹೊದಿಕೆಗಳೂ ಹೊರಗಿನಿಂದ ಬಂದವೇ. ಮಂಗಳೂರು ಹಂಚಿನ ಮೊದಲ ಕಾರಖಾನೆಯನ್ನು ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ತೆರೆದರು. ಏಣುತಗ್ಗುಗಳುಳ್ಳ ಕಬ್ಬಿಣದ ತಗಡಿಗೆ ೧೮೨೯ರಲ್ಲಿ ಲಂಡನ್ನಿನ ಹೆನ್ರಿ ಪಾಮರ ಎಂಬ ಇಂಜಿನಿಯರನು ಹಕ್ಕುಪತ್ರ ಪಡೆದನು. ಹಂಚು ನಮ್ಮ ಅಡಿಗಲ್ಲಿನ ಪದ್ಧತಿಗೆ ಹೊಂದಿಕೊಂಡಿತು; ತಗಡಿಗೆ ಬೇರೆ ಪದ್ಧತಿ ಬೇಕು. ಅಮೇರಿಕಾದ ರೈತರು ೧೯೩೦ರ ದಶಕದಲ್ಲಿ ವಿದ್ಯುತ್ತಿನ ತಂತಿಯ ಕಂಬಗಳಂಥವನ್ನೇ ನೆಲದಲ್ಲಿ ಆಳವಾಗಿ ಹೂಳಿ, ಅವುಗಳಿಗೆ ತೊಲೆ ಪಟ್ಟಿಗಳನ್ನು ಹೊಡೆದು ಕೊಟ್ಟಿಗೆಗಳನ್ನು ಕಟ್ಟಹತ್ತಿದರು. ಬೇರೆ ಅಡಿಪಾಯದ ಖರ್ಚು ಅದಕ್ಕಿಲ್ಲ. ಹಲ್ಲಿನ ಬೇರಿನಂತೆ ಕಂಬವೇ ನೆಲವನ್ನು ಹಿಡಿಯುವದು. ಇಂದು ಆ ದೇಶದಲ್ಲಿ ಅದೊಂದು ದೊಡ್ಡ ಉದ್ಯಮ. ಅದನ್ನು ನಡೆಸುವವರದೇ ಸಂಘವುಂಟು, ಪ್ರದರ್ಶನಗಳುಂಟು.

ಹಾಗಾದರೆ ನಮ್ಮ ಸಾಗವಾನಿ ಕಂಬಗಳನ್ನೂ ಹೂಳಿಬಿಡೋಣವೇ ಎಂದು ನಾನು ಕೇಳಿದೆನು. ಇದಕ್ಕೆ ಉತ್ತರ ಕೊಟ್ಟವನು ಕಾಕಾ. ಹೂಳಿದ ಕಟ್ಟಿಗೆಯು ತುದಿಯಲ್ಲಿ ಕೊಳೆಯುವದಿಲ್ಲ, ಮೇಲೆಯೂ ಕೊಳೆಯುವದಿಲ್ಲ. ನೆಲದ ಮಟ್ಟದಲ್ಲಿ, ಗೇಣುದ್ದದಲ್ಲಿ, ಕೊಳೆಯುವದು. ನೀರೂ ಗಾಳಿಯೂ ಕೂಡುವದು ಅಲ್ಲಿಯೇ. ಕಬ್ಬಿಣಕ್ಕೆ ತುಕ್ಕು ಹಿಡಿಯುವದೂ ಅಲ್ಲಿಯೇ. ಕೊಟ್ಟಿಗೆಯ ಗಂಜಳವಂತೂ ಅದನ್ನು ಇನ್ನಷ್ಟು ಬೇಗ ತಿನ್ನುವದು. ನಮ್ಮ ಎರೆಯ ನೆಲದ ಗುಣವೂ ಬೇರೆ. ಅದು ಮಳೆಯಲ್ಲಿ ಉಬ್ಬುವದು, ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುವದು. ಅದರಲ್ಲಿ ಬರಿದೆ ಹೂಳಿದ ಕಂಬವು ವಾಲದೆ ಇರದು. ಹುಡುಗನು ಇದನ್ನೆಲ್ಲ ಕೇಳಿ, “ಇದನ್ನ ನಾವು ಪುಸ್ತಕದಾಗ ಓದೀವ್ರಿ” ಎಂದು ಕಾಕಾನಿಗೆ ಕುರ್ಚಿ ಕೊಟ್ಟನು. ಅವರಿಬ್ಬರೂ ಒಂದು ಚೀಟಿಯ ಹಿಂದೆ ಗೆರೆಗಳನ್ನೆಳೆಯುತ್ತ ಒಂದು ತಾಸು ಕುಳಿತರು. ಮೇ ತಿಂಗಳಿಂದ ಕಾಕಾ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ವೇಳೆಯಲ್ಲಿ ನನ್ನ ಹೆಂಡತಿಯು ಪಶುಗಳ ವಿಭಾಗದಲ್ಲಿ ತನ್ನ ಪ್ರಶ್ನೆಗಳನ್ನು ಕೇಳಿ ಬಂದಿದ್ದಳು. ಹೊದಿಕೆಯ ಕೆಳಗೆ ಆಕಳೊಂದಕ್ಕೆ ಮೂರೂವರೆ, ಎಮ್ಮೆಯೊಂದಕ್ಕೆ ನಾಲ್ಕು ಚದರ ಮೀಟರು ಸ್ಥಳ ಬೇಕು. ಕೊಟ್ಟಿಗೆಯ ಉದ್ದವು ಮೂಡಪಡುವಾಗಿದ್ದರೆ ಬಿಸಿಲು ಒಳಗೆ ಕಡಿಮೆ ಬೀಳುವದು. ನೆಲಕ್ಕೆ ನಲವತ್ತು ಅಡಿಗೆ ಒಂದಡಿಯಷ್ಟು ಇಳಿಜಾರು ಬೇಕು, ಹೆಚ್ಚಾದರೆ ದನ ಜಾರುವವು. ನಮ್ಮ ಹಳೆಯ ಕೊಟ್ಟಿಗೆಯು ಬಡಗತೆಂಕಾಗಿದ್ದಿತು. ಪಡುವಣ ಬಿಸಿಲಿನಲ್ಲಿ ಎಮ್ಮೆಗಳು ಏದುಸಿರು ಬಿಡುವದನ್ನು ಅವಳು ಎಷ್ಟೋ ಸಲ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಕಾರ್ತಿಕಮಾಸದಲ್ಲಿ ಕೆಲಸವು ಪ್ರಾರಂಭವಾಯಿತು. ಕಂಬಗಳು ಅವೇ ಹಳೆಯ ಸಾಗವಾನಿ, ಕಟ್ಟಿದವನು ಕಾಕಾನೇ. ಎರೆಯನ್ನು ದಾಟಿ ಗರಸು ಹತ್ತುವವರೆಗೆ ತಗ್ಗು ತೆಗೆದು, ಅದರಲ್ಲಿ ಕಾಂಕ್ರೀಟಿನ ಭಾರವಾದ ಗಡ್ಡೆಗಳನ್ನು ಎರೆದೆವು. ಅವುಗಳ ತಲೆಯು ನೆಲದಿಂದ ಒಂದು ಗೇಣು ಮೇಲಕ್ಕೆ ಇದ್ದು, ನೀರು ನಿಲ್ಲದಂತೆ ಸುತ್ತಲೂ ಇಳಿಜಾರಾಗಿರುವದು. ಗಡ್ಡೆಯೊಳಗಿಂದ ಬಂದ ಎರಡು ದಪ್ಪ ಕಬ್ಬಿಣದ ಪಟ್ಟಿಗಳು ಕಂಬದ ಬುಡವನ್ನು ಎರಡೂ ಬದಿಗೆ ಹಿಡಿದು, ಆರಪಾರ ಬೋಲ್ಟಿನಿಂದ ಬಿಗಿದಿರುವವು. ಕಟ್ಟಿಗೆಯು ಮಣ್ಣನ್ನು ಮುಟ್ಟುವದಿಲ್ಲ. ಆದರೆ ಮಣ್ಣನ್ನು ಬಿಟ್ಟೇಳುವದೂ ಇಲ್ಲ. ಇಂಥ ಕಂಬವು ಹೂಳಿದ ಕಂಬದಂತೆ ತಾನೇ ನೆಟ್ಟಗೆ ನಿಲ್ಲಲಾರದಾದ್ದರಿಂದ, ಪ್ರತಿಯೊಂದು ಕಂಬಕ್ಕೂ ತೊಲೆಗೂ ನಡುವೆ ಓರೆಪಟ್ಟಿಗಳನ್ನು ಕೊಟ್ಟೆವು. ಚೌಕವನ್ನು ನೂಕಿದರೆ ಸೊಟ್ಟಗಾಗುವದು, ಮುಕ್ಕೋನವು ಆಗುವದಿಲ್ಲ. ತೊಲೆಯನ್ನು ಕಂಬಕ್ಕೆ, ಪಟ್ಟಿಯನ್ನು ತೊಲೆಗೆ, ತಗಡನ್ನು ಪಟ್ಟಿಗೆ ಹೀಗೆ ತುದಿಯಿಂದ ಬುಡದವರೆಗೆ ಒಂದೇ ಸರಪಳಿಯಾಗಿ ಬಿಗಿದೆವು. ಎಲ್ಲಿಯಾದರೂ ಒಂದು ಕೊಂಡಿಯು ಸಡಿಲಿದ್ದರೆ ಉಳಿದವೆಲ್ಲ ವ್ಯರ್ಥವೆಂದು ಕಾಕಾ ತನ್ನ ಮೊಮ್ಮಗನಿಗೆ ಹೇಳುತ್ತಲೇ ಇದ್ದನು. ಖರ್ಚು, ಮೇಳದಲ್ಲಿ ಹೇಳಿದ ಬೆಲೆಯ ಅರ್ಧಕ್ಕಿಂತ ಕಡಿಮೆಯಾಯಿತು. ಉದ್ದವು ಈಗ ಮೂಡಪಡು. ಅದು ನನ್ನ ಹೆಂಡತಿಯ ಅಪ್ಪಣೆ.

ಗೃಹಸ್ಥರಲ್ಲಿ ನನ್ನ ವಿನಂತಿಯಿಷ್ಟೆ. ಮೇಳಗಳಿಗೆ ಹೋಗಿರಿ, ಹೊಸದನ್ನು ನೋಡಿರಿ, ಕೊಳ್ಳುವದಿದ್ದರೆ ಕೊಳ್ಳಿರಿ. ಆದರೆ ಹೊದಿಕೆಯ ಬಣ್ಣವನ್ನು ನೋಡುವ ಮುಂಚೆ ಕಂಬದ ಬುಡವನ್ನು ಕೇಳಿರಿ. ಹಂಚನ್ನಿಳಿಸಿ ತಗಡು ಹಾಕಿದವರು ಇಂದೇ ಹಿತ್ತಲಿಗೆ ಹೋಗಿ, ಕಂಬವು ಕಲ್ಲಿನ ಮೇಲೆ ಬರಿದೆ ಕುಳಿತಿದೆಯೋ ಏನೆಂಬದನ್ನು ನೋಡಿಕೊಳ್ಳಿರಿ. ಹೋಗುವಾಗ ಮನೆಯ ಹೆಣ್ಣುಮಗಳನ್ನೂ ಊರಿನ ಬಡಿಗನನ್ನೂ ಜೊತೆಗೆ ಕರೆದೊಯ್ಯಿರಿ.

ಮುಂದಿನ ವರ್ಷ ಅಡ್ಡಮಳೆಯ ಗಾಳಿಯು ಮತ್ತೆ ಬಂದಿತು. ಆ ಸಂಜೆ ಕಾಕಾ ತಾನಾಗಿ ಬಂದು, ತೊಯ್ಯುತ್ತ, ಕಂಬಕ್ಕೆ ಅಂಗೈಯನ್ನು ಹಚ್ಚಿ ನಿಂತಿದ್ದನು. ಗಾಳಿ ಇಳಿದ ಮೇಲೆ ನಾನು, “ನಿಂತಿತಲ್ಲಾ ಕಾಕಾ!” ಎಂದೆನು.

“ಒಂದ ಬ್ಯಾಸಗಿ ಆತು ತಮ್ಮಾ. ನಮ್ಮಪ್ಪಂದು ಅರವತ್ತು” ಎಂದು, ಚಹಾ ಕುಡಿಯಲು ಒಳಗೆ ಬಂದನು.