ಸ್ವಂತ ಸಹಿಯ ಸರ್ಟಿಫಿಕೇಟ್



ಪೋಸ್ಟ್ ಸ್ವಲ್ಪ ಉದ್ದ ಇದೆ, ಕಂಪ್ಯೂಟರ್ ವಿಷಯ ಬೇರೆ. ಅರ್ಧಕ್ಕೆ ಬಿಡಬೇಡಿ.

ನಮ್ಮೂರ ಅಂಬೇಡ್ಕರ್ ಭವನದ ಹಿಂದಿನ ರೂಮಲ್ಲಿ ಭಾನುವಾರ ಸ್ಕಾಲರ್‌ಶಿಪ್ ಅರ್ಜಿ ಹಾಕೋ ಮಕ್ಕಳಿಗೆ ಸಹಾಯ ಮಾಡ್ತೀವಿ. ಯಾರ ಜಾತಿ ಪ್ರಮಾಣಪತ್ರ ಬಂತು, ಯಾರ ಆದಾಯ ಪ್ರಮಾಣಪತ್ರ ಬಾಕಿ ಅಂತ ಇದುವರೆಗೂ ನೋಟ್‌ಬುಕ್ಕಲ್ಲಿ ಬರೀತಿದ್ವಿ. ಈ ಸಲ ಡಿಪ್ಲೊಮಾ ಓದ್ತಿರೋ ಅಕ್ಕನ ಮಗಳು ಒಂದು ಚಿಕ್ಕ ವೆಬ್ ಪೇಜ್ ಕಟ್ಟಿಕೊಟ್ಟಳು. ಮಕ್ಕಳು ಮೊಬೈಲಲ್ಲಿ ದಾಖಲೆಯ ಫೋಟೋ ತೆಗೆದರೆ ಅದು ರೂಮಲ್ಲಿರೋ ಹಳೇ ಕಂಪ್ಯೂಟರಿಗೆ ಬಂದು ಸೇರಬೇಕು. ಹೊರಗಿನ ಇಂಟರ್ನೆಟ್ಟಿಗೆ ಹೋಗಲ್ಲ, ವೈಫೈ ಒಳಗೇ ಎಲ್ಲ.

ಕಂಪ್ಯೂಟರಲ್ಲಿ ಕ್ಯಾಮೆರಾ ಓಪನ್ ಆಯ್ತು, ಮೊಬೈಲಲ್ಲಿ ಆಗಲಿಲ್ಲ. "ಮಾಮ, ಅದೇ ಮಿಷನ್ನಲ್ಲಿ ಲೋಕಲ್‌ಹೋಸ್ಟ್ ಅಂತ ತೆಗೆದ್ರೆ ಬ್ರೌಸರ್ ನಂಬುತ್ತೆ. ಬೇರೆ ಫೋನಿಂದ 192.168 ನಂಬರಿಗೆ ಬಂದ್ರೆ ಎಚ್‌ಟಿಟಿಪಿಎಸ್ ಇಲ್ದೆ ಕ್ಯಾಮೆರಾ ಕೊಡಲ್ಲ. ಸರ್ಟಿಫಿಕೇಟ್ ಬೇಕು" ಅಂದಳು. ಅದಿಲ್ಲದಿದ್ದರೆ ಮಕ್ಕಳ ಜಾತಿ, ಆದಾಯ ಎಲ್ಲ ವೈಫೈ ಮೇಲೆ ಬಿಚ್ಚಿಟ್ಟ ಹಾಗೆಯೇ ಹೋಗುತ್ತೆ. ಸರ್ಟಿಫಿಕೇಟ್ ಅಂದ ತಕ್ಷಣ ನನಗೆ ನಾಡಕಚೇರಿ ಕ್ಯೂ ನೆನಪಾಯ್ತು. ಅವಳು ನಕ್ಕಳು. "ನಾವೇ ಮಾಡ್ಕೋಬಹುದು."

ಓಪನ್‌ಎಸ್‌ಎಸ್‌ಎಲ್ ಅನ್ನೋ ಉಚಿತ ತಂತ್ರಾಂಶದಲ್ಲಿ ಒಂದು ಸಾಲು ಟೈಪ್ ಮಾಡಿದಳು, ಎರಡು ಫೈಲ್ ಬಂದವು. ಒಂದು ಕೀ, ಯಾರಿಗೂ ಕೊಡಂಗಿಲ್ಲ. ಇನ್ನೊಂದು ಸರ್ಟಿಫಿಕೇಟ್, ಕೇಳಿದವರಿಗೆಲ್ಲ ತೋರಿಸೋದು. ಅದಕ್ಕೆ ಸಹಿ ಬಿದ್ದಿರೋದೂ ಅದೇ ಕೀಯಿಂದ. ನಾನು ಇಂಥವನು ಅಂತ ನಾನೇ ಬರಕೊಟ್ಟ ಹಾಗೆ. ಮೊಬೈಲಲ್ಲಿ ತೆಗೆದರೆ ಕೆಂಪು ಗುರುತು, ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಅನ್ನೋ ಎಚ್ಚರಿಕೆ.

ಪಿಯುಸಿ ಮುಗಿಸಿದ ವರ್ಷ ಜೆರಾಕ್ಸ್ ಪ್ರತಿಗೆ ದೃಢೀಕರಣ ಮಾಡಿಸೋಕೆ ಒಬ್ಬ ಗೆಜೆಟೆಡ್ ಅಧಿಕಾರಿಯ ಮನೆ ಗೇಟಿನ ಹೊರಗೆ ಮೂರು ದಿನ ನಿಂತಿದ್ದೆ. "ನೀನ್ಯಾರೋ ನಂಗೊತ್ತಿಲ್ಲ" ಅಂದ್ರು. ತಹಸೀಲ್ದಾರರ ಮೊಹರಿದ್ದ ಮೂಲಪ್ರತಿ ನನ್ನ ಕೈಯಲ್ಲೇ ಇತ್ತು. ಅದನ್ನ ಇಸ್ಕೊಂಡು ನೋಡಲೂ ಇಲ್ಲ. 2014ರ ಹೊತ್ತಿಗೆ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣ ಸಾಕು ಅಂತ ಇಲಾಖೆಗಳಿಗೆ ಹೇಳಿತು. ಅಷ್ಟೊತ್ತಿಗೆ ನಾನೇ ಗುಮಾಸ್ತ ಆಗಿ ಬೇರೆಯವರ ಪ್ರತಿ ಪರಿಶೀಲಿಸ್ತಿದ್ದೆ.

ಆ ಸಿಟ್ಟಲ್ಲೇ ಕೇಳಿದೆ, ನಮ್ಮ ಬೀಗ ಅಷ್ಟು ಕಚ್ಚಾನಾ? ಇಲ್ವಂತೆ. ಬ್ಯಾಂಕಿನ ಸೈಟು ಎಷ್ಟು ಗಟ್ಟಿಯಾಗಿ ಗೂಢಲಿಪಿ ಮಾಡುತ್ತೋ ಇದೂ ಅಷ್ಟೇ. ಫೋನಿನೊಳಗೆ ನಂಬಿಕಸ್ಥ ಸಂಸ್ಥೆಗಳ ಒಂದು ಪಟ್ಟಿ ಇದೆ, ಸಹಿ ಅವರದ್ದಲ್ಲ, ಅಷ್ಟೇ ತಕರಾರು. ಆ ಪಟ್ಟಿಯವರೇನು ಸಾಚಾನಾ? 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಹ್ಯಾಕ್ ಆಗಿ ಗೂಗಲ್ ಹೆಸರಲ್ಲಿ ಸುಳ್ಳು ಸರ್ಟಿಫಿಕೇಟ್ ಹೊರಬಂತು. 2014ರಲ್ಲಿ ನಮ್ಮ ಎನ್‌ಐಸಿಯ ಕಡೆಯಿಂದಲೂ ಗೂಗಲ್ ಹೆಸರಿನ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದವು, ವಿಂಡೋಸ್ ಅವನ್ನ ನಂಬುತ್ತಿತ್ತು. ಹಾಗಾದ್ರೆ ನಮಗ್ಯಾಕೆ ಕೆಂಪು? ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: "ಎಚ್ಚರಿಕೆ ಬಂದರೆ ಹೆದರಬೇಡಿ. ಅಡ್ವಾನ್ಸ್ಡ್ ಒತ್ತಿ ಮುಂದೆ ಹೋಗಿ."

ನಾನು ಮಾಡಿದ ತಪ್ಪು ಇದು.

ಮೂರನೇ ವಾರ ಒಬ್ಬ ಹುಡುಗಿ ಫೋನ್ ತಂದು ತೋರಿಸಿದಳು. ಸ್ಕಾಲರ್‌ಶಿಪ್ ಹಣ ಬಂದಿದೆ, ಖಾತೆ ವಿವರ ತುಂಬಿ ಅಂತ ಮೆಸೇಜು, ಒಂದು ಲಿಂಕು. ಒತ್ತಿದಾಗ ಅದೇ ಕೆಂಪು ಪುಟ ಬಂದಿದೆ, ದಾಟಿ ಹೋಗಿದಾಳೆ. ಖಾತೆ ನಂಬರ್ ಗೊತ್ತಿರಲಿಲ್ಲ ಅಂತ ಪಾಸ್‌ಬುಕ್ ಕೇಳೋಕೆ ಬಂದಿದ್ದಳು. "ಯಾಕಮ್ಮ ದಾಟಿದೆ?" ಅಂದೆ. "ನೀವೇ ಬರೆದಿದ್ರಲ್ಲ ಅಣ್ಣ" ಅಂದಳು.

ಆವತ್ತೇ ಬೋರ್ಡ್ ಒರೆಸಿದೆ. ಮಕ್ಕಳ ಫೋನುಗಳನ್ನ ಬಿಟ್ಟು ನಮ್ಮಿಬ್ಬರ ಫೋನಲ್ಲೇ ಫೋಟೋ ತೆಗೆಯೋದು ಅಂತಾಯ್ತು. ಎಂಕೆಸರ್ಟ್ ಅನ್ನೋ ಸಾಧನದಿಂದ ನಮ್ಮದೇ ಒಂದು ಮೂಲ ಸರ್ಟಿಫಿಕೇಟ್ ಮಾಡಿ ಆ ಎರಡು ಫೋನಿಗೆ ಮಾತ್ರ ಹಾಕಿದಳು. ಈಗ ಕೆಂಪು ಬರಲ್ಲ. ಬಂದರೆ ನಿಂತು ನೋಡಬೇಕು.

ಒಂದ್ಸಲ ಬಂತು ಕೂಡ. ರೌಟರ್ ಆಫ್ ಮಾಡಿ ಆನ್ ಮಾಡಿದಾಗ ಕಂಪ್ಯೂಟರಿನ ನಂಬರ್ ಬದಲಾಗಿತ್ತು, ಸರ್ಟಿಫಿಕೇಟಲ್ಲಿ ಹಳೇದಿತ್ತು. ಮಾರ್ಕ್ಸ್ ಕಾರ್ಡಲ್ಲಿ ಒಂದು ಸ್ಪೆಲ್ಲಿಂಗು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಅರ್ಜಿ ವಾಪಸ್ ಬರಲ್ವಾ, ಹಂಗೇ. ರೌಟರಲ್ಲಿ ನಂಬರ್ ಖಾಯಂ ಮಾಡಿದ ಮೇಲೆ ಸರಿಹೋಯ್ತು.

ಇನ್ನೊಂದು ಮಾತು. ಪಕ್ಕದ ತಾಲ್ಲೂಕಿನ ಗೆಳೆಯರೊಬ್ಬರು ಇಷ್ಟಪಟ್ಟು ಇಡೀ ಫೋಲ್ಡರನ್ನೇ ಪೆನ್‌ಡ್ರೈವಿಗೆ ಹಾಕ್ಕೊಂಡು ಹೋಗಿದ್ರು, ಮೂಲ ಸರ್ಟಿಫಿಕೇಟಿನ ಕೀ ಸಮೇತ. ಆ ಕೀ ಸಿಕ್ಕವರು ನಮ್ಮ ಎರಡು ಫೋನಿನ ಮುಂದೆ ಬ್ಯಾಂಕಿನ ಸೈಟ್ ಅಂತಲೂ ವೇಷ ಹಾಕಬಹುದಂತೆ. ಅಕ್ಕನ ಮಗಳು ರಾತ್ರೋರಾತ್ರಿ ಹಳೇದನ್ನ ಫೋನಿಂದ ತೆಗೆದು ಹೊಸದು ಮಾಡಿದಳು. ಗೆಳೆಯರು ಬೇಜಾರು ಮಾಡ್ಕೊಂಡ್ರು, ನಮ್ಮನ್ನೂ ನಂಬಲ್ವಾ ಅಂತ.

ನಿಮ್ಮೂರಲ್ಲಿ ಇದನ್ನ ಮಾಡೋದಿದ್ರೆ ಮೆಸೇಜ್ ಮಾಡಿ. ಪ್ರೋಗ್ರಾಂ ಕೊಡ್ತೀವಿ, ಭಾನುವಾರ ಬಂದು ಹಾಕಿಯೂ ಕೊಡ್ತೀವಿ. ಕೀ ಮಾತ್ರ ಕೇಳಬೇಡಿ, ನಿಮ್ಮದನ್ನ ನೀವೇ ಮಾಡ್ಕೊಳ್ಳಿ.