ತೊಟ್ಟಿಯಲ್ಲಿ ಉಳಿದ ಕುಲ

ಮೀನು ಸಾಕುವವರು ನಾಲ್ಕು ಜನ ಸೇರಿದರೆ ಮೊದಲು ಫಿಲ್ಟರಿನ ಮಾತು, ಆಮೇಲೆ ಬಿಳಿಚುಕ್ಕೆ ರೋಗದ್ದು. ಅದು ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಅಳಿವಿನಂಚಿನ ಮೀನನ್ನು ನಾವೇ ಮನೆಯಲ್ಲಿ ಮರಿ ಮಾಡಿಸಿ ಉಳಿಸಬಾರದೇಕೆ? ಈ ಆಸೆಯ ಮೇಲೆ ನನಗೆ ಬಹಳ ಅಕ್ಕರೆ. ಹಾಗೆ ಉಳಿದ ಮೀನೊಂದು ನಿಜವಾಗಿಯೂ ಇದೆ.

ಟೆಕಿಲಾ ಎಂದೊಡನೆ ಮದ್ಯ ನೆನಪಾಗುತ್ತದೆ. ಮೆಕ್ಸಿಕೋದಲ್ಲಿ ಆ ಹೆಸರಿನ ಜ್ವಾಲಾಮುಖಿಯೂ ಇದೆ. ಅದರ ಬುಡದಲ್ಲಿ ತೆವುಚಿತ್ಲಾನ್ ಎಂಬ ಪುಟ್ಟ ಹೊಳೆ. ಟೆಕಿಲಾ ಮೀನು ಆ ಸೀಮೆಯದು. ಬೆರಳುದ್ದದ ಮೈ, ಗಂಡಿನ ಬಾಲಕ್ಕೆ ಕಿತ್ತಳೆ ಪಟ್ಟಿ. ಮೊಟ್ಟೆಯಿಡದೆ ಮರಿ ಹಾಕುವ ಜಾತಿ. ಹೊಳೆ ಕೊಳೆಯಾಯಿತು, ಹೊರಗಿನ ಮೀನುಗಳು ಬಂದು ಸೇರಿದವು, ಇದು ಕಾಣೆಯಾಯಿತು. ಆದರೆ ದೂರದ ಯುರೋಪಿನಲ್ಲಿ ಹವ್ಯಾಸಿಗಳ ತೊಟ್ಟಿಗಳಲ್ಲಿ ಕುಲ ಬೆಳೆಯುತ್ತಿತ್ತು. 1998ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಿಂದ ಐದೇ ಐದು ಜೋಡಿ ಮೆಕ್ಸಿಕೋದ ಮಿಚೋಆಕಾನ್ ವಿಶ್ವವಿದ್ಯಾಲಯಕ್ಕೆ ಬಂದವು.

ಮುಂದೆ ಅಲ್ಲಿನ ವಿಜ್ಞಾನಿಗಳು ತೋರಿದ ತಾಳ್ಮೆಯೇ ನನಗೆ ದೊಡ್ಡದು. ಮರಿಗಳನ್ನು ಕೂಡಲೇ ಹೊಳೆಗೆ ಸುರಿಯಲಿಲ್ಲ. 2012ರಲ್ಲಿ 40 ಜೋಡಿಗಳನ್ನು ತೆರೆದ ಕೊಳಗಳಿಗೆ ಬಿಟ್ಟು, ಹಿಡಿದು ತಿನ್ನುವ ಶತ್ರುವನ್ನೂ ಪರೋಪಜೀವಿಯನ್ನೂ ಒಂದು ದಿನ ಇದ್ದು ಒಂದು ದಿನ ಇಲ್ಲದ ಆಹಾರವನ್ನೂ ಎದುರಿಸಲು ಕಲಿಸಿದರು. ಹೊತ್ತುಹೊತ್ತಿಗೆ ಕಾಳು ಬೀಳುವ ತೊಟ್ಟಿಯಲ್ಲಿ ತಲೆತಲಾಂತರ ಕಳೆದ ಮೀನಿಗೆ ಅದೆಲ್ಲ ಮರೆತಿರುತ್ತದಲ್ಲ! ಸಂಖ್ಯೆ ಹತ್ತು ಸಾವಿರದ ಹತ್ತಿರ ಬಂದಾಗ 1,500ನ್ನು ಹೊಳೆಗೆ ಬಿಟ್ಟರು. ಅಷ್ಟರಲ್ಲಿ ಊರವರೂ ಹೊಳೆಯ ಕಾವಲಿಗೆ ನಿಂತಿದ್ದರು, ಮಕ್ಕಳೂ ಸೇರಿದಂತೆ.

ತೊಟ್ಟಿಯಲ್ಲಿ ಸಂಖ್ಯೆ ಹೆಚ್ಚಿತೆಂದು ಮೀನು ಉಳಿಯಿತು ಎನ್ನುವಂತಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಕಪ್ಪು ಮೈ, ಕೆಂಪು ಬಾಲದ ‘ಶಾರ್ಕ್’ ಥಾಯ್ಲೆಂಡಿನ ಚಾವೊ ಫ್ರಾಯಾ ನದಿಯದು. ಫಾರಂಗಳಲ್ಲಿ ಲೆಕ್ಕವಿಲ್ಲದಷ್ಟು ಹುಟ್ಟುತ್ತದೆ, ನದಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇನ್ನು ನಮ್ಮ ಕಾವೇರಿ. ಭೀಮೇಶ್ವರಿಯ ಗಾಳದವರು ಕನಸಿನಲ್ಲೂ ಕಾಣುತ್ತಿದ್ದ ಬಿಳಿಮೀನು, ಡುಬ್ಬದ ಬೆನ್ನಿನ ಆ ದೈತ್ಯ ಮಹಶೀರ್, ಕಾವೇರಿ ಮತ್ತು ಅದರ ಉಪನದಿಗಳಿಗೆ ಮಾತ್ರ ಸೇರಿದ್ದು. 1970ರ ದಶಕದಿಂದ ಲೋನಾವಳದಲ್ಲಿ ಮರಿ ಮಾಡಿಸಿದ ಬೇರೊಂದು ಮಹಶೀರನ್ನು ಒಳ್ಳೆಯ ಮನಸ್ಸಿನಿಂದಲೇ ಈ ನದಿಗೆ ಬಿಡುತ್ತ ಬಂದರು. ಬಂದದ್ದು ಹಬ್ಬಿತು, ಇಲ್ಲಿಯದು ಕುಗ್ಗಿತು. ಡುಬ್ಬದ ಮೀನು ಟಾರ್ ರೆಮಾದೇವಿ ಎಂಬ ಜಾತಿಯೇ ಎಂದು ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ. ಈಗ ಅದು ಅಳಿವಿನ ತೀವ್ರ ಅಪಾಯದಲ್ಲಿದೆ. ಯಾವ ಮೀನು ಎಂದು ತಿಳಿಯುವ ಮೊದಲೇ ಇನ್ನೊಂದನ್ನು ತಂದು ತುಂಬಿದ್ದೆವು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಮರಿ ಮಾಡಿಸಿ ಅನ್ನುತ್ತೇನೆ, ಖಂಡಿತ ಮಾಡಿಸಿ. ಆದರೆ ಹೊಳೆಯಿಂದ ಹೊಸದಾಗಿ ಹಿಡಿದು ತರಬೇಡಿ. ತೊಟ್ಟಿಯ ಮೇಲೆ ಮೀನಿನ ಹೆಸರಿನ ಜತೆ ಅದರ ಮೂಲದ ಹೊಳೆಯ ಹೆಸರನ್ನೂ ಬರೆಯಿರಿ. ಎರಡು ಹೊಳೆಗಳ ಮೀನನ್ನು ಬೆರೆಸಬೇಡಿ, ಬಣ್ಣ ಚೆಂದವೆಂದು ಕೆಲವನ್ನೇ ಆರಿಸಿ ಬೆಳೆಸಬೇಡಿ. ಮರಿ ಹೆಚ್ಚಾದರೆ ಇನ್ನೊಬ್ಬ ಸಾಕುವವರಿಗೆ ಕೊಡಿ. ಊರ ಕೆರೆಗೆ ಮಾತ್ರ ಬಿಡಬೇಡಿ. ಹೊಳೆಗೆ ಬಿಡುವ ಕಾಲ ಬಂದರೆ ಅದನ್ನು ಬಲ್ಲ ವಿಜ್ಞಾನಿಗಳೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಟೆಕಿಲಾ ಮೀನಿನ ನೆಂಟ ಗೋಲ್ಡನ್ ಸ್ಕಿಫಿಯಾ ಕೂಡ ತೊಟ್ಟಿಗಳಲ್ಲೇ ಜೀವ ಹಿಡಿದುಕೊಂಡಿತ್ತು. 2022ರ ನವೆಂಬರಿನಲ್ಲಿ 1,200 ಮೀನುಗಳನ್ನು ಅದೇ ತೆವುಚಿತ್ಲಾನ್ ಹೊಳೆಗೆ ಬಿಟ್ಟರು.